ಹದಿನೇಳು ದಿನದ ಬದಲಿ

ಕಪಾಟಿನ ಕೀಲಿ ನೀಲಾಂಬಿಕಾ ಟೀಚರ ಬಳಿ,
ನೀಲಾಂಬಿಕಾ ಟೀಚರು ಕಣ್ಣಿನ ಆಪರೇಶನ್ನಿಗೆ ಹುಬ್ಬಳ್ಳಿಯಲ್ಲಿ.
ನನಗೆ ಸಿಕ್ಕಿದ್ದು ಒಂದು ಡಸ್ಟರು, ಅರ್ಧ ಸೀಮೆಸುಣ್ಣ,
ಅವರ ಕೈಬರಹದ ಹಾಜರಿ ಪುಸ್ತಕ,
ಕಾಲಿಗೆ ಹೆಂಚಿನ ಚೂರು ಕೊಟ್ಟು ನಿಲ್ಲಿಸಿದ ಕುರ್ಚಿ.

ಜುವಾರಿನಗರದ ಗುಡ್ಡ, ಕನ್ನಡ ಶಾಲೆ.
ಮಡಗಾವಿನಿಂದ ಎರಡು ಬಸ್ಸು.
ಹೆಡ್‌ಮಾಸ್ಟರು ಬಾಗಿಲಲ್ಲೇ ಪರಿಚಯ ಮುಗಿಸಿದರು:
"ಇವರು ಬದಲಿ."
ಹೆಸರು ಹೇಳಲು ಮರೆತರು. ನಾನೂ ನೆನಪಿಸಲಿಲ್ಲ.

ಹಾಜರಿ ಕೂಗಿದೆ. ಯಮನೂರ ಅಂದರೆ ಮೌಲಾಲಿ ಎದ್ದ,
ಮೌಲಾಲಿ ಅಂದರೆ ಯಮನೂರ.
(ಇದು ತಿಳಿದದ್ದು ಒಂಬತ್ತನೇ ದಿನ.)
ಹಿಂದಿನ ಬೆಂಚಿನಿಂದ ತೀರ್ಪು ಬಂತು:
"ಟೀಚರ್ರೀ, ನಿಮ್ ಕನ್ನಡ ಪುಸ್ತಕದಾಗಿಂದ ಐತ್ರೀ."
"ನಮ್ ಟೀಚರ ಬೋರ್ಡ್ ಒರಸಾಕ ಹುಲಿಗೆಮ್ಮಗ ಹೇಳ್ತಾರ್ರೀ."
ಹುಲಿಗೆಮ್ಮ ಆಗಲೇ ಕೈ ಚಾಚಿ ನಿಂತಿದ್ದಳು,
ಬಾಕಿ ಸಂಬಳ ಕೇಳುವವಳಂತೆ.

ಹತ್ತೂ ಇಪ್ಪತ್ತಕ್ಕೆ ತಲೆಯ ಮೇಲೇ ವಿಮಾನ.
ತಗಡು ನಡುಗಿತು. ನಾನು ಕಿರುಚಿದೆ:
ಏಳೆಂಟ್ಲ ಐವತ್ತಾರು! ಏಳೊಂಬತ್ಲ ಅರವತ್ಮೂರು!
ನಲವತ್ತೊಂದು ಮಕ್ಕಳು ಬಾಯಿ ಮುಚ್ಚಿ ನನ್ನನ್ನೇ ನೋಡಿದರು,
ಹುಚ್ಚರೆದುರು ತೋರುವ ಸೌಜನ್ಯದಲ್ಲಿ.
ಸದ್ದು ದಾಬೋಳಿಯತ್ತ ಇಳಿದ ಮೇಲೆ ಹುಲಿಗೆಮ್ಮ ಅಂದಳು:
"ಏಳೇಳ್ಲ ನಲವತ್ತೊಂಬತ್ತರತನಾ ಕೇಳ್ಸೇತ್ರೀ."

ಕಲಿತೆ. ಮೂರನೇ ದಿನಕ್ಕೆ ಕಲಿತೆ.
ಮೊದಲು ಯಮನೂರನ ಗದ್ದ ಮೇಲೇಳುತ್ತದೆ
(ಅವನು ಮೌಲಾಲಿ, ಇರಲಿ),
ಆಮೇಲೆ ಕಿಟಕಿ ಸರಳಿನ ಸಣ್ಣ ಗುಂಯ್.
ಮಾತು ಎಲ್ಲಿದೆಯೋ ಅಲ್ಲೇ ಬಿಡಬೇಕು,
ಬಸ್ಸಿನ ಸೀಟಿಗೆ ಟವೆಲು ಹಾಕಿ ಚಹಾಕ್ಕೆ ಇಳಿದ ಹಾಗೆ.
ಆ ನಲವತ್ತು ಸೆಕೆಂಡಿನಲ್ಲೇ ನಾನು ನೋಡಿದ್ದು
ಯಾರ ತುಟಿ ಒಡೆದಿದೆ, ಯಾರ ಅಂಗಿಗೆ ಅಪ್ಪನ ಸಿಮೆಂಟು,
ಯಾರು ನಿನ್ನೆಯಿಂದ ಪೆನ್ಸಿಲ್ಲಿಲ್ಲದೆ
ಬರೆದ ಹಾಗೆ ಬೆರಳಾಡಿಸುತ್ತಿದ್ದಾರೆ.

ಹದಿನೇಳನೇ ದಿನ ಕಪ್ಪು ಕನ್ನಡಕದಲ್ಲಿ
ನೀಲಾಂಬಿಕಾ ಟೀಚರು ಬಂದರು. ಕಪಾಟು ತೆರೆಯಿತು.
ಒಳಗೆ ಒಂದು ಪೂರ್ತಿ ಡಬ್ಬಿ ಬಣ್ಣದ ಸೀಮೆಸುಣ್ಣ.
ಗಲಾಟೆಯಲ್ಲಿ ನನ್ನತ್ತ ಯಾರೂ ತಿರುಗಲಿಲ್ಲ.
ಬಸ್ಸಿಗೆ ಹೊತ್ತಾಗಿತ್ತು, ಅದೂ ನಿಜ.

ಈಗ ಕುಂಕಳ್ಳಿ. ಇನ್ನೊಬ್ಬರ ರಜೆ, ಇನ್ನೊಂದು ಕುರ್ಚಿ.
ಇಲ್ಲಿ ಆಕಾಶದಲ್ಲಿ ಕಾಗೆಯ ವಿನಾ ಏನೂ ಹಾಯುವುದಿಲ್ಲ.
ಹತ್ತೂ ಇಪ್ಪತ್ತಕ್ಕೆ
ಏಳೆಂಟ್ಲ ಎಂದು ನಿಲ್ಲುತ್ತೇನೆ.

ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ.
ಮುಂದಿನ ಬೆಂಚಿನವಳು, ಪಾಪ,
ಹೊಸ ಟೀಚರಿಗೆ ಬಾರದೆಂದೇ ತಿಳಿದು
ಬೇರೆಯವರಿಗೆ ಕೇಳದ ಹಾಗೆ
ಐವತ್ತಾರು ಅನ್ನುತ್ತಾಳೆ.