ಬಗ್ಗಿಸುವ ಕೂಲಿ

ಈ ಹೊಳೆಯನ್ನು ನೆಟ್ಟಗೆ ಮಾಡಿದವನು ನನ್ನಪ್ಪ.
ಅರವತ್ತನಾಲ್ಕರಲ್ಲಿ, ಜಟ್‌ಲ್ಯಾಂಡಿನ ಈ ಬಯಲಲ್ಲಿ,
ನಕ್ಷೆಯ ಮೇಲೆ ಯಾರೋ ಸ್ಕೇಲಿಟ್ಟು ಎಳೆದ ಗೆರೆಗೆ
ಗೇಣೂ ತಪ್ಪದಂತೆ ಅಗೆದ.
ಮೀಟರಿಗೆ ಇಷ್ಟೆಂದು ಕೂಲಿ.
ಅದೇ ದುಡ್ಡಲ್ಲಿ ನನಗೊಂದು ಸೈಕಲ್ಲು.

ಈಗ ನನಗೆ ಅದನ್ನೇ ಬಗ್ಗಿಸುವ ಕೆಲಸ.
ಹಿಟಾಚಿಯಲ್ಲಿ ಕೂತು
ಅಪ್ಪ ಮುಚ್ಚಿದ ತಿರುವುಗಳನ್ನು ಹುಡುಕಿ ಹುಡುಕಿ ತೆಗೆಯುತ್ತೇನೆ,
ಉರುಟು ಜಲ್ಲಿ ಸುರಿಯುತ್ತೇನೆ.
ಗಂಟೆಗೆ ಇಷ್ಟೆಂದು ಕೂಲಿ.
ಸೊಟ್ಟ ಮಾಡುವುದೇ ದುಬಾರಿ.

ಹೋದ ವರ್ಷ ಮಾರ್ಚಿನಲ್ಲಿ ಗಿರಣಿಯ ಕಟ್ಟೆ ಒಡೆದೆ. ಮೂರು ದಿನ ಹಿಡಿಯಿತು.
ಅದರ ಕೆಳಗಿನ ಮಡುವಿನಲ್ಲೇ
ಬೋದಿಲ್ ನಲವತ್ತು ವರ್ಷ ಗಾಳ ಹಾಕಿದ್ದು.
ಮೇಲೇರಲಾಗದ ಟ್ರೌಟುಗಳು ಅಲ್ಲಿ
ರೈಲು ಬಾರದ ಪ್ಲಾಟ್‌ಫಾರಮ್ಮಿನ ಜನರ ಹಾಗೆ
ಒತ್ತೊತ್ತಾಗಿ ಕಾಯುತ್ತಿದ್ದವು.

ಅಂಚೆ ಕಚೇರಿಯಲ್ಲಿ ದುಡಿದವಳು, ಲೆಕ್ಕ ಬಿಡುವವಳಲ್ಲ.
ನೋಟುಬುಕ್ಕನ್ನು ನನ್ನ ಕಿಟಕಿಯೊಳಗೆ ತೂರಿಸಿ
'ಓದು' ಅಂದಳು.
ಕಟ್ಟೆಯಿದ್ದ ಕೊನೆಯ ವರ್ಷ ಮೂವತ್ತೊಂದು.
ಆಮೇಲೆ ಏಳು.
ಈ ವರ್ಷ ನಾಲ್ಕು.
'ಇದಾ ನಿಮ್ಮ ಸುಧಾರಣೆ?'

ಇಲಾಖೆಯಿಂದ ಬಂದ ಹುಡುಗ ತೋಕೆ
ನೀರಿಗೆ ಕರೆಂಟು ಬಿಟ್ಟು
ಮೂರ್ಛೆ ಹೋದ ಮರಿಗಳನ್ನು ಎಣಿಸಿದ:
ನೂರು ಮೀಟರಿಗೆ ಇನ್ನೂರ ಹದಿನೆಂಟು.
ಮೊದಲು ಒಂಬತ್ತಿತ್ತಂತೆ.
ಬೋದಿಲ್ ಅವನ ಬಕೆಟ್ಟಿಗೆ ಇಣುಕಿದಳು.
'ಬೆರಳುದ್ದ. ಎಣಿಸೋದಕ್ಕೆ ನಿನಗಾಯಿತು.
ನನ್ನ ಬಾಣಲೆಗೆ?'
ತೋಕೆ ಏನೋ ಹೇಳಹೊರಟು, ಪೆನ್ನಿನ ಮುಚ್ಚಳ ಹುಡುಕತೊಡಗಿದ.

ನವೆಂಬರಿನ ಒಂದು ರಾತ್ರಿ
ಟಾರ್ಚು ಹಿಡಿದು ಮೇಲಕ್ಕೆ ನಡೆದೆ.
ಏಳು ಕಿಲೋಮೀಟರು. ಚರ್ಚಿನ ಹಿಂದೆ
ಹುಡುಗರೂ ಹಾರಿ ದಾಟುವಷ್ಟು ಸಣ್ಣ ತೊರೆ.
ಅಲ್ಲಿ, ನಾನೇ ಸುರಿದ ಜಲ್ಲಿಯಲ್ಲಿ,
ತೋಳುದ್ದದ ಹೆಣ್ಣೊಂದು ಮಗ್ಗುಲಾಗಿ
ಬಾಲ ಬಡಿಯುತ್ತಿತ್ತು, ಕಂಬಳಿ ಕೊಡವಿದ ಹಾಗೆ.
ಬೆನ್ನು ನೀರಿಗಿಂತ ಮೇಲೆ.
ತುಟಿಯಲ್ಲಿ ಬೋದಿಲಳ ಗಾಳದ ಗುರುತಿದೆಯೇ ಎಂದು
ಬಗ್ಗಿ ನೋಡಿದೆ. ಕಾಣಲಿಲ್ಲ.
ನಾಚಿಕೆಯಾಗಿ ಟಾರ್ಚು ಆರಿಸಿದೆ.

ಹಂಗಾಮು ಮುಗಿದಿತ್ತು.
ಆದರೂ ಬೆಳಿಗ್ಗೆ ಆಕೆ ಕಟ್ಟೆಯಿದ್ದ ಜಾಗದಲ್ಲಿ
ಗಾಳವಿಲ್ಲದೆ ಬರೀ ನಿಂತಿದ್ದಳು.
ಮೊಣಕಾಲಷ್ಟು ನೀರು ಸುಮ್ಮನೆ ಜಾರಿ ಹೋಗುತ್ತಿತ್ತು.
'ಮೀನಿರಲಿ' ಅಂದಳು.
'ಆ ಸದ್ದು ಮಲಗುವ ಕೋಣೆವರೆಗೂ ಬರುತ್ತಿತ್ತು.'

ಮೀನು ಎಲ್ಲಿಗೆ ಹೋದವೆಂದು ನಾನು ಹೇಳಲಿಲ್ಲ.
ಹೇಳಿದ್ದರೆ ಹೊರಟೇಬಿಡುತ್ತಿದ್ದಳು,
ಈ ಎಂಬತ್ತೊಂದರಲ್ಲೂ, ನಡೆದೇ.