ಗೆರೆ ಬಿಟ್ಟ ಜಾಗ

ರಾತ್ರಿಯೆಲ್ಲ ಹೊಲಿದೆ
ಬಿದ್ದಪ್ಪನ ಮದುವೆಯ ಬಿಳಿ ಕುಪ್ಯ.
ಮೂರನೇ ಸಲ ಬಿಚ್ಚಿದ್ದು ಭುಜ:
ಅಳತೆ ಕೊಟ್ಟಾಗ ಒಂದು ಸುತ್ತಳತೆ,
ನೆಂಟರ ಮನೆಗಳ ಪಂದಿಕರಿ ಉಂಡು ಬಂದ ಮೇಲೆ
ಇನ್ನೊಂದು.

ಕಾರು ಅಂಗಡಿಯ ಮುಂದೆ,
ಸಂಜೆ ನಿಲ್ಲಿಸಿದಲ್ಲೇ ಇತ್ತು. ವಿರಾಜಪೇಟೆ ಮಲಗಿತ್ತು.
ಬೆಳಗಿನ ಜಾವ ಯಾರೋ ಡಬ್ಬ ಎಳೆದ ಸದ್ದು,
ಡಾಂಬರಿಗೆ ಬ್ರಷ್ಷು ಉಜ್ಜಿದ ಸದ್ದು.
ನಾನು ಕಂಕುಳಿನ ತಿರುವಿನಲ್ಲಿದ್ದೆ,
ತಲೆ ಎತ್ತಲಿಲ್ಲ.

ಹತ್ತಕ್ಕೆ ಬೋರ್ಡು ಬಂತಂತೆ. ಹತ್ತೂಕಾಲಿಗೆ ಲಾರಿ.
ಇಸ್ತ್ರಿ ಹಾಕಿದ ಕುಪ್ಯವನ್ನು
ಹಿಂದಿನ ಸೀಟಿನ ಹಿಡಿಗೆ ನೇತುಹಾಕಿ
ಒಂದು ಲೋಟ ಚಹಾಕ್ಕೆಂದು ಎದುರು ಬದಿಗೆ ದಾಟಿದ್ದೆ.
ತಿರುಗಿ ನೋಡಿದರೆ
ನನ್ನ ಮಾರುತಿ ಎಂಟುನೂರು ಮೂತಿ ಎತ್ತಿಕೊಂಡು
ಗಡಿಯಾರ ಕಂಬ ದಾಟುತ್ತಿದೆ.
ಒಳಗೆ ತಲೆಯಿಲ್ಲದ ಮದುಮಗ
ಎರಡೂ ತೋಳು ಬೀಸುತ್ತ
ಊರಿಗೆಲ್ಲ ಹೋಗಿ ಬರ್ತೇನೆ ಅನ್ನುತ್ತಿದ್ದಾನೆ.

ಎಎಸ್‌ಐ ನಿಂಗರಾಜು ಕೆಟ್ಟವರಲ್ಲ.
ಅವರ ಹೆಂಡತಿಯ ರವಿಕೆ ನನ್ನಲ್ಲೇ ಹೊಲಿಯುವುದು.
ಆದರೂ ಪುಸ್ತಕ ತೆರೆದರು.
"ನಿಲ್ಲಿಸಿದ್ದಕ್ಕೆ ಐನೂರು, ಎಳೆದದ್ದಕ್ಕೆ ಏಳುನೂರೈವತ್ತು.
ಮೊದಲು ಕಟ್ಟಿ ಟೈಲರಮ್ಮ, ಆಮೇಲೆ ವಾದ."
"ನಾನು ನಿಲ್ಲಿಸಿದಾಗ ಬೋರ್ಡೇ ಇರಲಿಲ್ಲ ಸಾರ್."
"ಎಲ್ಲರೂ ಅದನ್ನೇ ಹೇಳ್ತಾರೆ."

ಹೌದು, ಹೇಳುತ್ತಾರೆ.
ನನ್ನ ಗಿರಾಕಿಗಳೂ ಅಷ್ಟೆ:
ನಾವು ದಪ್ಪ ಆಗಿಲ್ಲ, ನೀವೇ ಬಿಗಿ ಹೊಲಿದದ್ದು.
ಆಗ ನಾನು ಜಗಳಕ್ಕೆ ಹೋಗುವುದಿಲ್ಲ.
ಕೊರಳಿನ ಟೇಪು ತೆಗೆಯುತ್ತೇನೆ.

"ಬನ್ನಿ ಸಾರ್, ಐದೇ ನಿಮಿಷ."

ಹಳದಿ ಗೆರೆ
ಔಷಧಿ ಅಂಗಡಿಯಿಂದ ಹೊರಟು ನೆಟ್ಟಗೆ ಬಂದು
ನನ್ನ ಬಾಗಿಲ ಮುಂದೆ ನಿಂತಿತ್ತು.
ಆಚೆಗೆ ಮತ್ತೆ ಶುರುವಾಗಿ ಬೇಕರಿಯವರೆಗೆ.
ನಡುವೆ ಬರಿಯ ಡಾಂಬರು,
ಇಪ್ಪತ್ತು ವರ್ಷದ ಎಂಜಿನ್ನು ಉದುರಿಸಿದ
ಒಂದು ತೊಟ್ಟು ಎಣ್ಣೆ.

ಮಂಡಿಯೂರಿದೆ.
ಟೇಪಿನ ತುದಿ ಅವರ ಬೂಟಿನ ಕೆಳಗೆ.
ಅರವತ್ತು. ಮತ್ತೆ ಅರವತ್ತು. ಹದಿನಾಲ್ಕು.
ಠಾಣೆಗೆ ಮರಳಿ, ಹಿಡಿದಿಟ್ಟ ಮರಳು ಲಾರಿಯ ಪಕ್ಕ
ನನ್ನ ಕಾರಿನ ಮೂತಿಯಿಂದ ಬಾಲಕ್ಕೆ:
ಅರವತ್ತು. ಅರವತ್ತು. ಹನ್ನೊಂದು.

"ಮೂರು ಇಂಚು ತಾಳೆಯಾಗಲ್ವಲ್ಲ" ಎಂದರು.
"ಅದು ಪೇಂಟರಿನ ಮರ್ಯಾದೆ ಸಾರ್,
ಬಣ್ಣ ತಾಗಬಾರದು ಅಂತ.
ಹೊಲಿಗೆಗೆ ನಾವೂ ಅಷ್ಟು ಬಿಡ್ತೇವೆ.
ಕಾರು ಮೊದಲೋ ಗೆರೆ ಮೊದಲೋ
ನೀವೇ ಹೇಳಿ."

ಅವರು ಹೇಳಲಿಲ್ಲ.
ಟೋಪಿ ತೆಗೆದು, ತಲೆ ಒರೆಸಿಕೊಂಡು,
"ಬೋರ್ಡಿನ ಬುಡದ ಸಿಮೆಂಟು ಇನ್ನೂ ಹಸಿ" ಎಂದರು,
"ನಾಯಿ ಕಾಲಿಟ್ಟು ಹೋಗಿದೆ. ನೋಡಿದೆ.
ತಗೊಂಡು ಹೋಗಿ."

ಹೋಗಲಿಲ್ಲ.
"ತಪ್ಪಾಯಿತು ಅಂತ ಬರೆದುಕೊಡಿ."
"ಅದಕ್ಕೆ ಪುಸ್ತಕ ಇಲ್ಲಮ್ಮ."
ಬೆಂಚಿನ ಮೇಲೆ ಕೂತೆ.
ಹನ್ನೆರಡು ಹೊಡೆಯಿತು. ಬಿದ್ದಪ್ಪನ ಅತ್ತಿಗೆಯ ಫೋನು,
ಮತ್ತೆ ಅವಳದೇ ಫೋನು.
ಕೊನೆಗೆ ಚೀಟಿಯ ಬೆನ್ನಿಗೆ ಒಂದೇ ಪದ: ರದ್ದು.
"ಸಹಿ?"
ಸಹಿ.

ಕೊಕ್ಕೆ ಸಿಕ್ಕಿಸಿ ಸೊಟ್ಟಗಾದ ಬಂಪರಿಗೆ
ಯಾರೂ ಏನೂ ಕೊಡಲಿಲ್ಲ.
ಮರುದಿನ ಕುಪ್ಯ ಚೆನ್ನಾಗಿ ಕೂತಿತ್ತು,
ಎಡ ಭುಜ ಕೊಂಚ ಎಳೆಯುತ್ತಿತ್ತು,
ಅದು ನನಗೆ ಮಾತ್ರ ಗೊತ್ತು.

ವಾರದ ಮೇಲೆ ಅದೇ ಹುಡುಗ ಬಂದು
ಬಿಟ್ಟಿದ್ದ ಜಾಗ ತುಂಬಿದ.
ಹೊಸ ಹಳದಿ ಹಳೆಯದಕ್ಕೆ ಹೊಂದಲಿಲ್ಲ,
ತೇಪೆ ಎದ್ದು ಕಾಣುತ್ತದೆ.
ಬಾಗಿಲಲ್ಲಿ ಕೂತು ಕಾಜಾ ಹಾಕುವಾಗ
ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಈಗ ಅಲ್ಲಿ ನಿಲ್ಲಿಸುವುದಿಲ್ಲ.
ಬೋರ್ಡು ಇದೆಯಲ್ಲ.