ಒಂದೇ ಪ್ರತಿ

ಶನಿವಾರ, ಹಡರ್ಸ್‌ಫೀಲ್ಡಿನ ಮಾರುಕಟ್ಟೆಯಲ್ಲಿ
ಮೀನಿನಂಗಡಿಗೂ ತುಂಡುಬಟ್ಟೆಯಂಗಡಿಗೂ ನಡುವೆ
ಮಡಚುವ ಮೇಜೊಂದು, ಮೂರು ಕುರ್ಚಿ,
ಬಿಪಿ ನೋಡುವ ಯಂತ್ರ ಎರಡು.
ಕೆಂಪು ಬಟ್ಟೆಯ ಮೇಲೆ ಯಾರೋ ಹೊಲಿದ ಅಕ್ಷರ:
ಕೂತು ಹೋಗವ್ವಾ, ಐದೇ ನಿಮಿಷ.

ಮೋರೀನ್ ಆಕ್ರಾಯ್ಡ್, ಮೂರು ಸಲ ಗೆದ್ದು ಒಮ್ಮೆ ಸೋತ ಕೌನ್ಸಿಲರ್,
ಓಟು ಕೇಳಿದ ಗಂಟಲಲ್ಲೇ ಈಗ ತೋಳು ಕೇಳುತ್ತಾಳೆ.
ಡೆಲೋರಿಸ್, ಚರ್ಚಿನ ಅಡುಗೆಮನೆಯನ್ನು ನಲವತ್ತು ವರ್ಷ ಆಳಿದವಳು,
ಉಪ್ಪಿನ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಹತ್ತಿಸಿದಳಂತೆ,
ಪಾದ್ರಿ ಮೂರು ಭಾನುವಾರ ಮುನಿಸಿಕೊಂಡರಂತೆ.
ಶಗುಫ್ತಾ ಟ್ಯಾಕ್ಸಿ ಓಡಿಸುತ್ತಾಳೆ, ಹೆಂಗಸರಿಗಷ್ಟೇ;
ಹಿಂದಿನ ಸೀಟಿನಲ್ಲಿ ಯಾರಾದರೂ ಏದುಸಿರು ಬಿಟ್ಟರೆ
ಕನ್ನಡಿಯಲ್ಲಿ ನೋಡಿ, ಮೀಟರು ನಿಲ್ಲಿಸಿ, ಇಲ್ಲಿಗೆ ತರುತ್ತಾಳೆ.
ಸಂಬಳವಿಲ್ಲ. ಫ್ಲಾಸ್ಕಿನ ಚಹಾ ಕೂಡ ಮನೆಯದು.

ನಾನು ಅಂಚೆಕಚೇರಿಯ ಗಾಜಿನ ಹಿಂದಿನವಳು.
ಕರಪತ್ರದ ಕಟ್ಟು ತೂಗಿಸಲು ಬಂದ ಮೋರೀನ್
ನಿನ್ನ ಭಾಷೆ ಯಾವುದು ಅಂದಳು. ಹೇಳಿದೆ.
ಉರ್ದು ಇದೆ, ಪಂಜಾಬಿ ಇದೆ, ಪೋಲಿಷ್ ಇದೆ,
ಅದೊಂದಿಲ್ಲ, ಬರೆದುಕೊಡು, ಅಂದಳು.
ನನಗೆ ಗೊತ್ತಿದ್ದ ಹಾಗೆ ಈ ಊರಲ್ಲಿ ಕನ್ನಡ ಓದುವವಳು ನಾನೊಬ್ಬಳೇ, ಅಂದೆ.
"ಹಾಗಾದರೆ ಒಂದೇ ಪ್ರತಿ ಸಾಕು,"
ರಸೀದಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

ರಾತ್ರಿ ಕೂತೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ.
ಹೃದಯ ಎಂದು ಬರೆದೆ, ಆಸ್ಪತ್ರೆಯ ಬೋರ್ಡಿನ ಹಾಗೆ ಕಂಡಿತು.
ಹೊಡೆದುಹಾಕಿ ಗುಂಡಿಗೆ ಎಂದೆ,
ಅದು ಗಂಡಸರು ಜಗಳಕ್ಕೆ ತೆಗೆದಿಟ್ಟುಕೊಂಡ ಮಾತು.
ಎದೆ ಎಂದು ಬರೆದು ಹಾಗೇ ಬಿಟ್ಟೆ.
ಹಾಲು ಕುಡಿಸಿದ್ದೂ ಅದೇ, ಝಲ್ಲೆನ್ನುವುದೂ ಅದೇ,
ಕಲ್ಲು ಇಟ್ಟುಕೊಳ್ಳುವುದೂ ಅದರ ಮೇಲೆಯೇ.

ಅವರ ಪಟ್ಟಿಯಲ್ಲಿ ನೋವು ಇತ್ತು, ಬಿಗಿತ ಇತ್ತು, ವಾಕರಿಕೆ ಇತ್ತು.
ಸಂಕಟ ಇರಲಿಲ್ಲ.
ಹೊಟ್ಟೆಯದೋ ಎದೆಯದೋ ಮನಸ್ಸಿನದೋ ಹೇಳಲು ಬಾರದ ಅದನ್ನು
ಚಿಕ್ಕಮ್ಮ ಶಂಕ್ರವ್ವ ಮೂರು ದಿನ ಹೇಳಿದ್ದಳು:
ಏನೋ ಒಂಥರಾ ಸಂಕಟ ಕಣೇ.
ಜೀರಿಗೆ ನೀರು ಕೊಟ್ಟರು.
ನಾಲ್ಕನೆಯ ದಿನ ರೊಟ್ಟಿ ಹಂಚಿನ ಮೇಲೇ ಕರಕಾಯಿತು.
ಯಾರನ್ನೂ ಕೇಳದೆ ಆ ಪದವನ್ನು ಪಟ್ಟಿಯ ತಲೆಗೇ ಸೇರಿಸಿದೆ.

ಹೆಂಗಸರಿಗೆ ಕೆಲವೊಮ್ಮೆ ಎದೆ ನೋಯುವುದೇ ಇಲ್ಲ,
ದವಡೆ ಹಿಡಿದುಕೊಳ್ಳಬಹುದು, ಬೆನ್ನು ಸೆಳೆಯಬಹುದು,
ಏರು ಹತ್ತುವಾಗ ಉಸಿರು ಸಾಲದೆ ನಿಲ್ಲಬೇಕಾಗಬಹುದು,
ಎಂದು ಬರೆಯುತ್ತಿದ್ದ ಪೆನ್ನು ನಿಂತಿತು.
ಬಸ್‌ಸ್ಟಾಪಿನಿಂದ ಅಂಚೆಕಚೇರಿಗೆ ಹೋಗುವ ಏರಿನಲ್ಲಿ
ದಿನಾ ಗಡಿಯಾರದಂಗಡಿಯ ಮುಂದೆ ನಿಲ್ಲುತ್ತೇನೆ.
ಗಡಿಯಾರ ನೋಡಲು ಅಂದುಕೊಂಡಿದ್ದೆ.

ಆ ಶನಿವಾರ ಕರಪತ್ರ ಕೊಡಲು ಹೋದವಳು ಕುರ್ಚಿಯಲ್ಲಿ ಕೂತೆ.
ಡೆಲೋರಿಸ್ ತೋಳಿಗೆ ಪಟ್ಟಿ ಸುತ್ತಿದಳು, ಮಗುವಿಗೆ ಸ್ವೆಟರು ತೊಡಿಸುವ ಹಾಗೆ.
ಪಕ್ಕದಲ್ಲಿ ಮೀನಿನವನು ಐಸು ಸುರಿಯುವ ಸದ್ದು.
ಅಂಕಿ ಬಂತು. ಯಾರೂ ಹೌಹಾರಲಿಲ್ಲ.
ಇನ್ನೊಮ್ಮೆ ನೋಡಿದಳು, ಇನ್ನೊಂದು ತೋಳಲ್ಲಿ.
"ಮಧ್ಯಾಹ್ನದ ಪಾಳಿ ಇದೆ, ಮುಗಿಸಿ ಡಾಕ್ಟರ ಹತ್ತಿರ ಹೋಗ್ತೀನಿ," ಅಂದೆ.
ಮೂವರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು,
ಎಲ್ಲರೂ ಹೇಳುವ, ಯಾವ ಪಟ್ಟಿಯಲ್ಲೂ ಇಲ್ಲದ ಲಕ್ಷಣ ಅದು.
ಶಗುಫ್ತಾ ಆಗಲೇ ಗಾಡಿಯ ಕೀಲಿ ಕೈಗೆ ತೆಗೆದುಕೊಂಡಿದ್ದಳು.

ಈಗ ಬೆಳಿಗ್ಗೆ ಒಂದು, ರಾತ್ರಿ ಅರ್ಧ ಗುಳಿಗೆ.
ಏರಿನಲ್ಲಿ ಈಗಲೂ ನಿಲ್ಲುತ್ತೇನೆ, ಯಾಕೆಂದು ಗೊತ್ತಿದ್ದು.
ಶನಿವಾರ ನಾಲ್ಕನೆಯ ಕುರ್ಚಿ ನನ್ನದು, ಮನೆಯಿಂದ ಹೊತ್ತು ತರುತ್ತೇನೆ.

ಮೊನ್ನೆ ಕರಪತ್ರ ಮತ್ತೆ ಅಚ್ಚಿಗೆ ಹೋಗುವಾಗ
ಕನ್ನಡದ್ದು ಎಷ್ಟು ಎಂದಳು ಮೋರೀನ್.
ಎರಡು, ಅಂದೆ.
ಇನ್ನೊಬ್ಬಳು ಯಾರು?
ಗೊತ್ತಿಲ್ಲ.
ಬಸ್ಸಿಳಿದು ಏರು ಹತ್ತುತ್ತಿರಬಹುದು.